ಸುರಂಗದ ನೀರಿಗೆ ಸೋಲಾರ್ ಪಂಪು: ಪ್ಯಾನೆಲ್ ಆರಿಸಿದ್ದು, ಕೂರಿಸಿದ್ದು

ಕಾಸರಗೋಡಿನ ಎಣ್ಮಕಜೆ ಕಡೆಯ ಅನೇಕ ಮನೆಗಳ ಹಾಗೆ ನಮ್ಮ ಮಾವನ ಮನೆಯಲ್ಲೂ ಕುಡಿಯುವ ನೀರು ಸುರಂಗದ್ದೇ. ಗುಡ್ಡೆಯ ಮುರಕಲ್ಲನ್ನು ಅಡ್ಡಕ್ಕೆ ಕೊರೆದ ಸುರಂಗ, ಅದರ ಬಾಯಿಯ ಹತ್ತಿರ 3000 ಲೀಟರ್ ಹಿಡಿಯುವ ಸಿಮೆಂಟು ಟಾಂಕಿ. ಹಳೆಮನೆ ಈ ಟಾಂಕಿಗಿಂತ ತಗ್ಗಿನಲ್ಲಿತ್ತು. ಪೈಪು ಸಿಕ್ಕಿಸಿದರೆ ನೀರು ತಾನಾಗಿ ಅಡಿಗೆ ಮನೆಗೆ ಬರುತ್ತಿತ್ತು. ಭಾವ ಹೊಸಮನೆ ಕಟ್ಟಿಸಿದ್ದು ತೋಡಿನ (ಸಣ್ಣ ಹಳ್ಳದ) ಆಚೆ, ರಸ್ತೆ ಬದಿಯಲ್ಲಿ, ಎತ್ತರದಲ್ಲಿ. ಈಗ ಅದೇ ನೀರು ಹೊಸಮನೆಯ ತಾರಸಿಗೆ 14 ಮೀಟರ್ ಹತ್ತಬೇಕು.

ನೋಡಿದವರೆಲ್ಲ ಅರ್ಧ ಎಚ್‌ಪಿ ಮೋಟಾರು ಇಟ್ಟು ಮನೆಯಿಂದ ಕೇಬಲ್ ಎಳೆಯಲು ಹೇಳಿದರು. ನಾನು ಬೇಡ ಅಂದೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ನೀರೂ ನಿಲ್ಲುತ್ತದೆ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಸುರಂಗದ ಸ್ವಭಾವ. ಫೆಬ್ರವರಿ ಕೊನೆಗೆ ಬಕೆಟು ಹಿಡಿದು ನೋಡಿದೆವು. 10 ಲೀಟರ್ ತುಂಬಲು 5 ನಿಮಿಷ. ಅಂದರೆ ಗಂಟೆಗೆ 120 ಲೀಟರ್. ಏಪ್ರಿಲ್‌ನಲ್ಲಿ ಅದೇ ಬಕೆಟಿಗೆ 8 ನಿಮಿಷ ಬೇಕಾಯಿತು. ಇಷ್ಟು ತೆಳ್ಳಗೆ ಇಳಿಯುವ ನೀರಿಗೆ ದೊಡ್ಡ ಮೋಟಾರು ಇಟ್ಟರೆ ಸ್ವಲ್ಪ ಹೊತ್ತಿನಲ್ಲೇ ಟಾಂಕಿ ಬರಿದು, ತಳದ ಕೆಸರೂ ಎದ್ದು ಮನೆಗೆ ಬರುತ್ತದೆ. ನಿಧಾನಕ್ಕೆ, ಹಗಲಿಡೀ ಸ್ವಲ್ಪ ಸ್ವಲ್ಪ ಎತ್ತುವ ಪಂಪು ಬೇಕು. ಸೋಲಾರ್ ಪಂಪು ಕೆಲಸ ಮಾಡುವುದೇ ಹಾಗೆ. ಬ್ಯಾಟರಿ ಬೇಡ. ಬಿಸಿಲಿದ್ದಾಗ ಎತ್ತಿದ ನೀರು ತಾರಸಿಯ ಟಾಂಕಿಯಲ್ಲಿ ಇರುತ್ತದೆ, ರಾತ್ರಿಗೆ ಅದೇ ಸಾಕು.

"ಇಷ್ಟು ಮಳೆ ಬರುವ ಊರಲ್ಲಿ ಸೋಲಾರ್ ಆಗ್ತದಾ?" ಅಂತ ಮಾವ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಆದರೆ ಅದರ ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಉಳಿದ ತಿಂಗಳು ಬಿಸಿಲಿಗೆ ಬರವಿಲ್ಲ. ಇಲ್ಲೇ ಪೈವಳಿಕೆಯಲ್ಲಿ 50 ಮೆಗಾವ್ಯಾಟಿನ ಸೋಲಾರ್ ಪ್ಲಾಂಟ್ ಇದೆ. "ಮಳೆಗಾಲಕ್ಕೆ ಲೆಕ್ಕ ಹಾಕಿಯೇ ಪ್ಯಾನೆಲ್ ತರುವ ಮಾವ" ಅಂದೆ.

ಮೊದಲು ಕೆಲಸದ ಲೆಕ್ಕ, ಆಮೇಲೆ ಪ್ಯಾನೆಲ್. ಅಂಗಡಿಗೆ ಹೋಗಿ "ಎಷ್ಟು ವ್ಯಾಟಿನದ್ದು ಒಳ್ಳೆಯದು?" ಅಂತ ಕೇಳಿದರೆ ಅವರಲ್ಲಿ ಯಾವುದು ಸ್ಟಾಕ್ ಇದೆಯೋ ಅದೇ ಒಳ್ಳೆಯದಾಗುತ್ತದೆ.

ಮನೆಗೂ ಹಟ್ಟಿಗೂ ಸೇರಿ ದಿನಕ್ಕೆ 2000 ಲೀಟರ್. ಎತ್ತರ 14 ಮೀಟರ್. ಒಂದೂಕಾಲು ಇಂಚಿನ ಪೈಪು 90 ಮೀಟರ್ ಉದ್ದ ಹೋಗುತ್ತದೆ, ಅದರೊಳಗಿನ ತಿಕ್ಕಾಟಕ್ಕೆ ಇನ್ನೆರಡು ಮೀಟರ್ ಸೇರಿಸಿ 16 ಅಂತ ಹಿಡಿದೆ. 2000 ಕಿಲೋ ನೀರನ್ನು 16 ಮೀಟರ್ ಎತ್ತಲು ಬೇಕಾಗುವುದು ಬರೀ 87 ವ್ಯಾಟ್-ಅವರ್. ಸಣ್ಣ ಪಂಪುಗಳು ತೆಗೆದುಕೊಂಡ ಕರೆಂಟಿನಲ್ಲಿ ಮೂರರಲ್ಲೊಂದು ಪಾಲನ್ನಷ್ಟೇ ನೀರೆತ್ತಲು ಬಳಸುತ್ತವೆ ಅಂತ ಇಟ್ಟುಕೊಂಡರೂ 260 ವ್ಯಾಟ್-ಅವರ್. ಒಂದು ಯೂನಿಟ್ಟಿನ ಕಾಲು ಭಾಗ! ಇಷ್ಟಕ್ಕೆ ಅರ್ಧ ಎಚ್‌ಪಿ ಯಾಕೆ?

ಆರಿಸಿದ್ದು 24 ವೋಲ್ಟಿನ, 210 ವ್ಯಾಟಿನ ಬಿಎಲ್‌ಡಿಸಿ ಸಬ್ಮರ್ಸಿಬಲ್, ಅಂದರೆ ಬ್ರಷ್ ಇಲ್ಲದ ಡಿಸಿ ಮೋಟಾರಿನ, ನೀರಿನೊಳಗೇ ಇಡುವ ಪಂಪು. ಸ್ಕ್ರೂ ಟೈಪ್. ಇದು ಮುಖ್ಯ. ಫ್ಯಾನಿನಂತೆ ತಿರುಗುವ ಇಂಪೆಲ್ಲರ್ ಇರುವ ಪಂಪು ವೇಗ ಇಳಿದರೆ ನೀರನ್ನು ಅಷ್ಟೆತ್ತರಕ್ಕೆ ತಳ್ಳುವುದೇ ಇಲ್ಲ, ಸುಮ್ನೆ ತಿರುಗುತ್ತಿರುತ್ತದೆ. ಸ್ಕ್ರೂ ಪಂಪಿನಲ್ಲಿ ರಬ್ಬರಿನ ಕೊಳವೆಯೊಳಗೆ ಸ್ಟೀಲಿನ ತಿರುಪು ತಿರುಗುತ್ತದೆ. ನಿಧಾನಕ್ಕೆ ತಿರುಗಿದರೂ ನೀರು ಮೇಲೆ ಹೋಗಿಯೇ ಹೋಗುತ್ತದೆ, ಪ್ರಮಾಣ ಕಡಿಮೆ ಅಷ್ಟೆ. ಮೋಡದ ದಿನಕ್ಕೆ ಇದೇ ಬೇಕು. ಎರಡು ಜಾಗ್ರತೆ ಬೇಕು. ಮರಳು, ಕೆಸರು ಇದಕ್ಕೆ ಆಗದು. ಡೆಲಿವರಿ ಪೈಪಿನಲ್ಲಿ ವಾಲ್ವ್ ಮುಚ್ಚಿ ಓಡಿಸಲೂಬಾರದು, ಒತ್ತಡ ಏರಿ ಪೈಪೋ ಪಂಪೋ ಒಡೆಯುತ್ತದೆ. ನಾವು ಆ ಪೈಪಿಗೆ ಗೇಟ್ ವಾಲ್ವನ್ನೇ ಹಾಕಲಿಲ್ಲ.

ಪ್ಯಾನೆಲ್ ಕೊಳ್ಳುವ ಮೊದಲು ಅದರೊಳಗೆ ಏನಾಗುತ್ತದೆ ಅಂತ ತಿಳಿದಿದ್ದರೆ ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳು ಬೇರೆಯೇ ಆಗುತ್ತವೆ. ಬೆಳಕು ಬಿದ್ದಾಗ ವಿದ್ಯುತ್ ಹುಟ್ಟುವುದನ್ನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ 1839ರಲ್ಲೇ ಕಂಡಿದ್ದ. ಕೆಲಸಕ್ಕೆ ಬರುವ ಸಿಲಿಕಾನ್ ಸೆಲ್ ಆದದ್ದು 1954ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಆಗ ಬಿದ್ದ ಬೆಳಕಿನಲ್ಲಿ 100ಕ್ಕೆ ಸುಮಾರು 6 ಪಾಲು ಮಾತ್ರ ಕರೆಂಟಾಗುತ್ತಿತ್ತು. ಈಗ ಅಂಗಡಿಯಲ್ಲಿ ಸಿಗುವ ಪಾಲಿ, ಅಂದರೆ ಹಲವು ಹರಳುಗಳ ಸಿಲಿಕಾನಿನ ಪ್ಯಾನೆಲಿನಲ್ಲಿ 15ರಿಂದ 17, ಒಂದೇ ಹರಳಿನಿಂದ ಕೊಯ್ದ ಮೋನೋ ಪರ್ಕ್‌ನಲ್ಲಿ 19ರಿಂದ 21, ಟಾಪ್‌ಕಾನ್ ಅನ್ನುವ ಹೊಸ ಬಗೆಯಲ್ಲಿ 22ರ ಆಸುಪಾಸು.

ಸೆಲ್ ಅಂದರೆ ಸಿಲಿಕಾನಿನ ತೆಳು ಬಿಲ್ಲೆ. ಒಂದು ಮಗ್ಗುಲಿಗೆ ರಂಜಕ, ಇನ್ನೊಂದಕ್ಕೆ ಬೋರಾನ್ ಅಥವಾ ಗ್ಯಾಲಿಯಂ ಚೂರೇ ಚೂರು ಬೆರೆಸಿರುತ್ತಾರೆ. ಇವೆರಡು ಸೇರುವಲ್ಲಿ ಒಂದು ವಿದ್ಯುತ್ ಸೆಳೆತ ತಾನಾಗಿ ಉಂಟಾಗುತ್ತದೆ. ಬೆಳಕು ಬಡಿದು ಬಿಡಿಸಿದ ಎಲೆಕ್ಟ್ರಾನನ್ನು ಆ ಸೆಳೆತ ಒಂದೇ ದಿಕ್ಕಿಗೆ ದೂಡುತ್ತದೆ. ಹೊರಗಿನಿಂದ ತಂತಿ ಕಟ್ಟಿದರೆ ಅದೇ ಕರೆಂಟು. ಸೆಲ್ಲಿನ ಮೇಲೆ ಕಾಣುವ ಬೆಳ್ಳನೆ ಗೆರೆಗಳು ಅದನ್ನು ಒಟ್ಟುಗೂಡಿಸುವ ದಾರಿಗಳು.

ನೆನಪಿಡಬೇಕಾದ ಸಂಗತಿ ಇದು. ಒಂದು ಸೆಲ್ ದೊಡ್ಡದಿರಲಿ ಚಿಕ್ಕದಿರಲಿ, ಕೆಲಸ ಮಾಡುವಾಗ ಕೊಡುವುದು ಅರ್ಧ ವೋಲ್ಟು. ಸೆಲ್ ದೊಡ್ಡದಾದರೆ, ಬೆಳಕು ಜಾಸ್ತಿಯಾದರೆ ಏರುವುದು ಆಂಪಿಯರ್. 36 ಸೆಲ್ ಸಾಲಾಗಿ ಕಟ್ಟಿದರೆ 18 ವೋಲ್ಟು. ಅದನ್ನೇ ಅಂಗಡಿಯವರು 12 ವೋಲ್ಟಿನ ಪ್ಯಾನೆಲ್ ಅನ್ನುತ್ತಾರೆ, 12ರ ಬ್ಯಾಟರಿ ಚಾರ್ಜ್ ಮಾಡಲು ಅಷ್ಟು ಬೇಕಾದ್ದರಿಂದ.

ಅಂಗಡಿಯಲ್ಲಿ ಮೊದಲು ತೋರಿಸಿದ್ದು 540 ವ್ಯಾಟಿನ ದೊಡ್ಡ ಮೋನೋ ಪ್ಯಾನೆಲ್. ವ್ಯಾಟಿಗೆ ಇಷ್ಟು ಅಂತ ಲೆಕ್ಕ ಹಾಕಿದರೆ ಅದೇ ಅಗ್ಗ. "ಒಂದೇ ಹಾಕಿ ಸಾರ್, ಇಬ್ಬರಿಗಾಗುವಷ್ಟು ಕರೆಂಟು" ಅಂದರು. ನಾನು ಅದರ ಬೆನ್ನಿನ ಲೇಬಲ್ ಓದಿದೆ. ವಿಒಸಿ, ಅಂದರೆ ಏನೂ ಜೋಡಿಸದೆ ಇದ್ದಾಗಿನ ವೋಲ್ಟೇಜ್, 49.5. ಪ್ಯಾನೆಲಿಗೂ ಪಂಪಿಗೂ ನಡುವೆ ಕೂರುವ ನಮ್ಮ ಕಂಟ್ರೋಲರ್ ತಾಳುವುದು 50 ವೋಲ್ಟಿನವರೆಗೆ. ಹತ್ತಿರ ಹತ್ತಿರ ಸರಿಹೋಗುತ್ತದೆ ಅನ್ನಿಸಬಹುದು. ಆದರೆ ಲೇಬಲಿನ ಲೆಕ್ಕವೆಲ್ಲ ಸೆಲ್ 25 ಡಿಗ್ರಿ ಇದ್ದಾಗಿನದ್ದು. ಸೆಲ್ ತಣ್ಣಗಾದಷ್ಟೂ ವೋಲ್ಟೇಜ್ ಏರುತ್ತದೆ, ಡಿಗ್ರಿಗೆ ಸುಮಾರು 100ಕ್ಕೆ 0.3ರಷ್ಟು. ಡಿಸೆಂಬರಿನ ಬೆಳಿಗ್ಗೆ 18 ಡಿಗ್ರಿ ಇದ್ದರೆ ಅದು 50 ದಾಟಿತು. ಕಂಟ್ರೋಲರ್ ಸುಡಲು ಒಂದು ತಂಪು ಬೆಳಗು ಸಾಕು. ಬೇಡ ಅಂದೆ.

ಇನ್ನೊಂದು ಕಾರಣ ಸಂಕ. 540ರ ಪ್ಯಾನೆಲ್ ಎರಡೂಕಾಲು ಮೀಟರ್ ಉದ್ದ, 28 ಕಿಲೋದಷ್ಟು ಭಾರ. ಅದನ್ನು ರಸ್ತೆಯಿಂದ ಮುರಕಲ್ಲಿನ ಮೆಟ್ಟಿಲು ಇಳಿಸಿ, ಎರಡು ಕಂಗಿನ (ಅಡಕೆ) ಮರ ಹಾಕಿದ ಸಂಕದ ಮೇಲೆ ತೋಡು ದಾಟಿಸುವುದು ಹುಡುಗಾಟವಲ್ಲ. ಮೂಲೆ ಒಂದು ಸಲ ಕಲ್ಲಿಗೆ ತಾಗಿದರೆ ಗಾಜು ಪುಡಿ. ಗಾಜು ಉಳಿದರೂ ಒಳಗೆ ಸೆಲ್ಲಿಗೆ ಕಣ್ಣಿಗೆ ಕಾಣದ ಬಿರುಕು ಬರುತ್ತದೆ, ಅದು ವರ್ಷ ಕಳೆದ ಮೇಲೆ ಗೊತ್ತಾಗುವುದು.

ಕೊನೆಗೆ ತೆಗೆದುಕೊಂಡದ್ದು 170 ವ್ಯಾಟಿನ, 36 ಸೆಲ್ಲಿನ ಪಾಲಿ ಪ್ಯಾನೆಲ್ ಎರಡು. ವ್ಯಾಟಿಗೆ 10-15 ರೂಪಾಯಿ ಜಾಸ್ತಿಯೇ ಬಿತ್ತು. ಆದರೆ ಒಂದೊಂದನ್ನು ಒಬ್ಬನೇ ಹೆಗಲ ಮೇಲೆ ಹೊರಬಹುದು. ಸೀರೀಸಿನಲ್ಲಿ ಜೋಡಿಸಿದರೆ ವಿಒಸಿ 44.4, ತಂಪಿನಲ್ಲೂ 46 ದಾಟದು. ಜಾಗಕ್ಕೆ ಕೊರತೆ ಇಲ್ಲದ ಕಾರಣ ಮೋನೋಗೆ ದುಡ್ಡು ಹಾಕುವ ಅಗತ್ಯ ಕಾಣಲಿಲ್ಲ. ಮಾಡಿನ ಮೇಲೆ ಇಕ್ಕಟ್ಟಾದ ಜಾಗದಲ್ಲಿ ಕೂರಿಸುವವರು ಖಂಡಿತ ಮೋನೋವನ್ನೇ ನೋಡಬೇಕು.

210 ವ್ಯಾಟಿನ ಪಂಪಿಗೆ 340 ವ್ಯಾಟ್ ಯಾಕೆ ಅಂತ ಭಾವ ಕೇಳಿದ. ಲೇಬಲಿನ 340 ನಮಗೆ ಯಾವತ್ತೂ ಸಿಗುವುದಿಲ್ಲ. ಮಾರ್ಚಿನ ಮಧ್ಯಾಹ್ನ ಸೆಲ್ಲಿನ ಬಿಸಿ 60 ಡಿಗ್ರಿ ಮುಟ್ಟುತ್ತದೆ. ಪಾಲಿ ಪ್ಯಾನೆಲಿನಲ್ಲಿ 25 ಮೀರಿದ ಪ್ರತಿ ಡಿಗ್ರಿಗೆ 100ಕ್ಕೆ 0.4ರಷ್ಟು ಶಕ್ತಿ ಇಳಿಯುತ್ತದೆ. 35 ಡಿಗ್ರಿಗೆ 14 ಪಾಲು ಹೋಯಿತು, ಉಳಿದದ್ದು 290. ಧೂಳು, ತಂತಿ ಎಲ್ಲ ಕಳೆದರೆ ಇನ್ನೂ ಕಡಿಮೆ. ಉಳಿದ ಹೆಚ್ಚಳ ಆಟಿ ತಿಂಗಳಿನ (ಜುಲೈ-ಆಗಸ್ಟ್) ಮೋಡಕ್ಕೆ. ಪ್ಯಾನೆಲ್ ದೊಡ್ಡದಾದರೆ ಪಂಪು ಸುಡುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ವೋಲ್ಟೇಜ್ ಮಿತಿಯೊಳಗಿದ್ದರೆ ಪಂಪು ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ.

ಲೇಬಲಿನಲ್ಲಿ ಮೋಸ ಇದೆಯೇ ಅಂತ ನೋಡಲು ಎರಡು ಸುಲಭದ ಲೆಕ್ಕ ಇವೆ. ಮೊದಲನೆಯದು, ವಿಎಂಪಿಯನ್ನು ಐಎಂಪಿಯಿಂದ, ಅಂದರೆ ಪ್ಯಾನೆಲ್ ಅತಿ ಹೆಚ್ಚು ಶಕ್ತಿ ಕೊಡುವಾಗಿನ ವೋಲ್ಟನ್ನು ಆಗಿನ ಆಂಪಿನಿಂದ, ಗುಣಿಸಿ. ನಮ್ಮದರಲ್ಲಿ 18.1 ಗುಣಿಸು 9.4, ಅಂದರೆ 170. ಸರಿ ಇದೆ. ಮೇಲೆ 170 ಅಂತ ಬರೆದು ಕೆಳಗೆ ಐಎಂಪಿ 7 ಇದ್ದರೆ ಅದು 127 ವ್ಯಾಟಿನ ಪ್ಯಾನೆಲ್. ಎರಡನೆಯದು, ಟೇಪು ಹಿಡಿಯಿರಿ. ಲೇಬಲಿನ ಲೆಕ್ಕದಲ್ಲಿ ಒಂದು ಚದರ ಮೀಟರಿಗೆ ಬೀಳುವ ಬಿಸಿಲು 1000 ವ್ಯಾಟ್. ನಮ್ಮ ಪ್ಯಾನೆಲ್ 1.48 ಮೀಟರ್ ಉದ್ದ, 0.67 ಅಗಲ, ಹೆಚ್ಚುಕಡಿಮೆ ಒಂದು ಚದರ ಮೀಟರ್. 170 ವ್ಯಾಟ್ ಅಂದರೆ 100ಕ್ಕೆ 17. ಪಾಲಿಗೆ ಇದು ಆಗುವ ಮಾತು. ಮುಕ್ಕಾಲು ಚದರ ಮೀಟರಿನ ಪಾಲಿ ಪ್ಯಾನೆಲ್ ತೋರಿಸಿ ಯಾರಾದರೂ 170 ಅಂದರೆ ನಂಬಬೇಡಿ, ಅಲ್ವಾ?

ಇನ್ನು ಕಣ್ಣಿಗೆ ಕಾಣುವುದು. ಗಾಜಿನ ಒಳಗೆ ಅಂಟಿಸಿದ ಸೀರಿಯಲ್ ನಂಬರೂ ಬೆನ್ನಿನ ಲೇಬಲಿನ ನಂಬರೂ ಒಂದೇ ಇರಬೇಕು. ಬಿಐಎಸ್ ಗುರುತು, ಐಎಸ್ 14286 ಇರಬೇಕು. ಜಂಕ್ಷನ್ ಬಾಕ್ಸ್ ಬಿಗಿಯಾಗಿರಬೇಕು. ಕುಂಬಳೆ, ಮಂಜೇಶ್ವರ, ಉಪ್ಪಳದ ಕಡಲಬದಿಯವರು ಉಪ್ಪುಗಾಳಿಯ ಪರೀಕ್ಷೆ, ಐಇಸಿ 61701, ಆಗಿದೆಯೇ ಅಂತ ಕೇಳಲೇಬೇಕು. ವಾರಂಟಿಯಲ್ಲಿ ಎರಡು ಬಗೆ. 25 ವರ್ಷ ಅನ್ನುವುದು ವ್ಯಾಟ್ ಎಷ್ಟು ಇಳಿಯಬಹುದು ಅನ್ನುವುದಕ್ಕೆ. ಪ್ಯಾನೆಲೇ ಹಾಳಾದರೆ ಬದಲಿಸಿಕೊಡುವ ವಾರಂಟಿ ಅದಕ್ಕಿಂತ ಕಡಿಮೆ ವರ್ಷದ್ದು. ಬಿಲ್ಲಿನಲ್ಲಿ ಎರಡನ್ನೂ ಬರೆಸಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಪ್ಯಾನೆಲಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ, ಅದನ್ನೂ ಬಿಲ್ಲಿನಲ್ಲಿ ನೋಡಿ.

ಮನೆಯ ಕರೆಂಟು ಬಿಲ್ಲು ಇಳಿಸಲು ಗ್ರಿಡ್ಡಿಗೆ ಜೋಡಿಸುವವರ ದಾರಿ ಬೇರೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟಿಗೆ 60,000, 3 ಮತ್ತು ಅದಕ್ಕಿಂತ ಜಾಸ್ತಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಅದಕ್ಕೆ ದೇಶದಲ್ಲೇ ತಯಾರಾದ ಸೆಲ್ಲಿನ ಡಿಸಿಆರ್ ಪ್ಯಾನೆಲೇ ಆಗಬೇಕು. ನಮ್ಮ ಕೆಲಸಕ್ಕೆ ಅದು ಸಂಬಂಧವಿಲ್ಲ.

ದುಡ್ಡು ಕೊಡುವ ಮೊದಲು ಎರಡೂ ಪ್ಯಾನೆಲನ್ನು ಅಂಗಡಿಯ ಎದುರು ಬಿಸಿಲಿಗೆ ಇಡಿಸಿದೆ. ಹನ್ನೊಂದೂವರೆಯ ಬಿಸಿಲು. ಬಿಸಿಯಾಗಲು ಬಿಟ್ಟು ಮೀಟರ್ ಹಿಡಿದರೆ 20.2 ವೋಲ್ಟು. ಲೇಬಲಿನಲ್ಲಿ 22.2. ಬಿಸಿಗೆ ಇಷ್ಟು ಇಳಿಯುವುದು ಸರಿಯೇ. ಆಮೇಲೆ ಎರಡು ತಂತಿಯ ತುದಿಗಳನ್ನು ಒಂದಕ್ಕೊಂದು ಸಿಕ್ಕಿಸಿ, ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿದೆ. 9.2 ಆಂಪ್. ಲೇಬಲಿನ ಐಎಸ್‌ಸಿ, ಅಂದರೆ ಹೀಗೆ ಸಿಕ್ಕಿಸಿದಾಗಿನ ಆಂಪ್, 9.9. ಚೆನ್ನಾಗಿದೆ. ಹೀಗೆ ಶಾರ್ಟ್ ಮಾಡಿದರೆ ಪ್ಯಾನೆಲಿಗೆ ಏನೂ ಆಗುವುದಿಲ್ಲ. ಬಿಡಿಸುವಾಗ ಮಾತ್ರ ಪ್ಯಾನೆಲನ್ನು ಕವುಚಿ ಹಾಕಿ, ಇಲ್ಲವಾದರೆ ಕಿಡಿ ಹಾರಿ ಕನೆಕ್ಟರ್ ಸುಡುತ್ತದೆ.

ಅದೇ ಪ್ಯಾನೆಲನ್ನು ಜಗಲಿಯ ನೆರಳಿಗೆ ತಂದು ನೋಡಿದೆವು. ವೋಲ್ಟೇಜ್ 19. ಆಂಪ್ ಬರೀ 0.6! ಅದಕ್ಕೇ ಹೇಳುವುದು, ಅಂಗಡಿಯೊಳಗೆ ಮೀಟರ್ ಚುಚ್ಚಿ ವೋಲ್ಟೇಜ್ ತೋರಿಸಿದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಹಾಳಾದ ಪ್ಯಾನೆಲೂ ವೋಲ್ಟೇಜ್ ತೋರಿಸೀತು. ಬಿಸಿಲಿನಲ್ಲಿ ಆಂಪ್ ನೋಡಿ. ಮನೆಯಲ್ಲಿರುವ ಹೆಚ್ಚಿನ ಕ್ಲ್ಯಾಂಪ್ ಮೀಟರುಗಳು ಎಸಿಗೆ ಮಾತ್ರ, ಡಿಸಿ ಅಳೆಯುವುದು ಬೇರೆ.

ಸ್ಟ್ಯಾಂಡಿಗೆ ಜಾಗ ಹುಡುಕಲು ಹೊತ್ತು ಹಿಡಿಯಿತು. ಟಾಂಕಿಯ ಹತ್ತಿರ ಎಲ್ಲ ಕಂಗಿನ ನೆರಳು. ಟಾಂಕಿಯಿಂದ 30 ಮೀಟರ್ ದೂರದಲ್ಲಿ, ತೋಟದ ಅಂಚಿನ ಗೇರುಗುಡ್ಡೆಯಲ್ಲಿ ಒಂದು ಬಯಲು ತುಣುಕು ಸಿಕ್ಕಿತು. ಮಾರ್ಚಿನಲ್ಲಿ ನೆರಳಿಲ್ಲ ಅಂತ ಅಲ್ಲಿಗೇ ತೀರ್ಮಾನ ಮಾಡಬಾರದು. ಡಿಸೆಂಬರಿನ ನಡು ಮಧ್ಯಾಹ್ನ ಸೂರ್ಯ ನಮ್ಮಲ್ಲಿ ನೆತ್ತಿಯಿಂದ 36 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ಅದಕ್ಕಾಗಿ ದಕ್ಷಿಣದ ಒಂದು ಗೇರುಮರದ ಗೆಲ್ಲುಗಳನ್ನು ಕಡಿಸಿದೆವು. ತೆಂಗಿನ ಬುಡದಿಂದಲೂ ದೂರವಿಟ್ಟೆವು. ಮಡಲು, ಕಾಯಿ ಎರಡೂ ಗಾಜಿಗೆ ಶತ್ರು.

ದಿಕ್ಕಿಗೆ ಕೋಲು ನೆಟ್ಟು ನೆರಳು ನೋಡಿದೆವು. ನಮ್ಮೂರಿನಲ್ಲಿ ಸೂರ್ಯ ನಡುನೆತ್ತಿಗೆ ಬರುವುದು 12ಕ್ಕಲ್ಲ. ಗಡಿಯಾರದ ಸಮಯ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ್ದು, ನಾವಿರುವುದು 75ರಲ್ಲಿ. ಹಾಗಾಗಿ ಅರ್ಧ ಗಂಟೆ ತಡ. ಮಾರ್ಚ್ ಕೊನೆಗೆ 12.35ರ ಹೊತ್ತಿಗೆ ಕೋಲಿನ ನೆರಳು ಸರಿಯಾಗಿ ಉತ್ತರಕ್ಕೆ ಬೀಳುತ್ತದೆ, ಅದರ ಎದುರು ದಿಕ್ಕು ದಕ್ಷಿಣ. ನಮ್ಮ ಅಕ್ಷಾಂಶ ಹನ್ನೆರಡೂವರೆ ಡಿಗ್ರಿ, ಓರೆಯೂ ಅಷ್ಟೇ ಸಾಕು. ನಾವು 15 ಕೊಟ್ಟೆವು, ಮಳೆಯಲ್ಲಿ ಧೂಳು, ಪಾಚಿ ತೊಳೆದು ಹೋಗಲಿ ಅಂತ. ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ನಡುವೆ 1 ಮೀಟರ್ ಇದ್ದರೆ ಹಿಂದಿನದು 27 ಸೆಂಟಿಮೀಟರ್ ಎತ್ತರ ಇರಬೇಕು. ಜಿಐ ಪೈಪಿನ ಕಾಲುಗಳನ್ನು ಮುರಕಲ್ಲಿನಲ್ಲಿ ಗುಂಡಿ ತೆಗೆದು ಕಾಂಕ್ರೀಟಿನಲ್ಲಿ ನಿಲ್ಲಿಸಿದೆವು.

ಪ್ಯಾನೆಲಿನಿಂದ ಟಾಂಕಿಯ ಬಳಿಯ ಕಂಟ್ರೋಲರಿಗೆ 30 ಮೀಟರ್, ಹೋಗಿ ಬಂದು 60. 9 ಆಂಪ್ ಹರಿದರೆ 4 ಸ್ಕ್ವೇರ್ ಎಂಎಂ ತಂತಿಯಲ್ಲಿ 2.7 ವೋಲ್ಟು ಸುಮ್ನೆ ಹೋಗುತ್ತದೆ. 6ರದ್ದರಲ್ಲಿ 1.8. ವೋಲ್ಟೇಜ್ ಕಡಿಮೆ ಇರುವ ಸಿಸ್ಟಮ್ಮಿಗೆ ತಂತಿ ದಪ್ಪ ಇರಲೇಬೇಕು. ಎರಡೂ ತುದಿಗೆ ಎಂಸಿ4 ಕನೆಕ್ಟರ್, ಅದಕ್ಕೆಂದೇ ಇರುವ ಕ್ರಿಂಪಿಂಗ್ ಪ್ಲೈಯರಿನಲ್ಲಿ ಒತ್ತಿದ್ದು. ಸಾದಾ ಇಕ್ಕಳದಲ್ಲಿ ಹಿಸುಕಿದ ಜಾಯಿಂಟು ಕಾದು ಕರಗುತ್ತದೆ. ನಡುವೆ ಡಿಸಿ ಎಂಸಿಬಿ ಹಾಕಿ, ಮನೆಯ ಎಸಿ ಎಂಸಿಬಿ ಆಗದು. ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬರುವುದರಿಂದ ಕಿಡಿ ತಾನೇ ಆರುತ್ತದೆ, ಡಿಸಿಯಲ್ಲಿ ಕಿಡಿ ಹಿಡಿದರೆ ಉರಿಯುತ್ತಲೇ ಇರುತ್ತದೆ.

ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆಯ ಸಿಡಿಲಿಗೆ ಡಿಸಿ ಸರ್ಜ್ ಪ್ರೊಟೆಕ್ಟರ್ ಇಟ್ಟೆವು. ಅರ್ತಿಂಗ್ ರಾಡನ್ನು ಸ್ಟ್ಯಾಂಡಿನ ಬುಡದ ಒಣ ಮುರಕಲ್ಲಿನಲ್ಲಿ ಹೊಡೆದರೆ ಪ್ರಯೋಜನ ಕಡಿಮೆ. ಟಾಂಕಿಯ ನೀರು ಹರಿದು ಯಾವಾಗಲೂ ಒದ್ದೆ ಇರುವ ಮಣ್ಣಿನಲ್ಲಿ ರಾಡು ಇಳಿಸಿ, ಸ್ಟ್ಯಾಂಡಿನಿಂದ ಅಲ್ಲಿಗೆ ಜಿಐ ಪಟ್ಟಿ ತಂದೆವು. ಪಂಪನ್ನು ಟಾಂಕಿಯ ತಳದಿಂದ ಒಂದು ಅಡಿ ಮೇಲೆ ಅಡ್ಡಕ್ಕೆ ಇಟ್ಟು, ಸುತ್ತ ನೈಲಾನ್ ಬಲೆ ಕಟ್ಟಿದೆವು. ನೀರು ಇಳಿದರೆ ನಿಲ್ಲಿಸಲು ಫ್ಲೋಟ್ ಸ್ವಿಚ್ ಕೂಡ ಉಂಟು.

ಮೊದಲ ದಿನದ ಮಧ್ಯಾಹ್ನ ಕಂಟ್ರೋಲರ್ 210 ವ್ಯಾಟ್ ತೋರಿಸಿತು. ತಾರಸಿಯ 1000 ಲೀಟರಿನ ಟಾಂಕಿ 38 ನಿಮಿಷದಲ್ಲಿ ತುಂಬಿತು. "ಇದು ಸದ್ದೇ ಮಾಡುವುದಿಲ್ಲವಲ್ಲ!" ಅಂದರು ಅತ್ತೆ.

ಮರುದಿನ ಬೆಳಿಗ್ಗೆ ನೆರಳಿನ ಪರೀಕ್ಷೆ. ಕಂಟ್ರೋಲರಿನಲ್ಲಿ 150 ವ್ಯಾಟ್ ಇದ್ದಾಗ ಕೆಳಗಿನ ಮೂಲೆಯ ಎರಡು ಸೆಲ್ ಮುಚ್ಚುವ ಹಾಗೆ ಒಂದು ತುಂಡು ಅಡಕೆ ಹಾಳೆ ಇಟ್ಟೆ. 108ಕ್ಕೆ ಇಳಿಯಿತು. 72 ಸೆಲ್ಲಿನಲ್ಲಿ ಮುಚ್ಚಿದ್ದು ಎರಡು, ಹೋದದ್ದು ಕಾಲು ಭಾಗಕ್ಕಿಂತ ಜಾಸ್ತಿ. ಸೆಲ್ಲುಗಳೆಲ್ಲ ಒಂದೇ ಸಾಲಿನಲ್ಲಿ ಇರುವುದರಿಂದ, ತೋಟದ ಪೈಪನ್ನು ಒಂದು ಕಡೆ ಮೆಟ್ಟಿದರೆ ಇಡೀ ಪೈಪಿನ ನೀರು ನಿಂತ ಹಾಗೆ, ಒಂದು ಸೆಲ್ಲಿನ ನೆರಳು ಇಡೀ ಸಾಲನ್ನು ತಡೆಯುತ್ತದೆ. ಪೂರ್ತಿ ನಿಲ್ಲದಿರಲು ಜಂಕ್ಷನ್ ಬಾಕ್ಸಿನಲ್ಲಿ ಬೈಪಾಸ್ ಡಯೋಡ್ ಇರುತ್ತದೆ. ನಮ್ಮ ಪ್ಯಾನೆಲಿನಲ್ಲಿ 18 ಸೆಲ್ಲಿಗೊಂದು. ಅದು ನೆರಳು ಬಿದ್ದ 18ನ್ನು ಬಿಟ್ಟು ಕರೆಂಟನ್ನು ದಾಟಿಸುತ್ತದೆ. ಹಾಗಾಗಿ ಒಂದು ಹಾಳೆ ಬಿದ್ದರೂ 18 ಸೆಲ್ಲು ಲೆಕ್ಕಕ್ಕಿಲ್ಲ. ಇದನ್ನು ಕಣ್ಣಾರೆ ನೋಡಿದ ಮೇಲೆ ಭಾವನೇ ದಿನಾ ಒಮ್ಮೆ ಆ ಕಡೆ ಹೋಗಿ ಎಲೆ ತೆಗೆದು ಬರುತ್ತಾನೆ.

ಆಟಿಯಲ್ಲಿ ಜಡಿಮಳೆ ಹಿಡಿದ ದಿನ ಪುನಃ ಅಳೆದೆ. ಮೀಟರಿನಲ್ಲಿ 45 ವ್ಯಾಟ್. 10 ಲೀಟರಿನ ಬಕೆಟು ಒಂದೂವರೆ ನಿಮಿಷಕ್ಕೆ ತುಂಬಿತು, ಗಂಟೆಗೆ 400 ಲೀಟರ್. ಐದು ಗಂಟೆ ಹೀಗೇ ಓಡಿದರೆ ದಿನದ ನೀರು ಆಯಿತು. ಆಕಾಶ ಕಪ್ಪಿಟ್ಟು ಹೊಯ್ಯುವ ಹೊತ್ತಿಗೆ ಪಂಪು ನಿಲ್ಲುತ್ತದೆ, ಬೆಳಕು ಬಂದ ಕೂಡಲೇ ತಾನೇ ಹೊರಡುತ್ತದೆ. ಮಾವನಿಗೆ ಲೆಕ್ಕ ತೋರಿಸಿದೆ. "ಹಾಗಾದರೆ ಹಟ್ಟಿಯ ಟಾಂಕಿಗೂ ಒಂದು ಪೈಪು ಎಳೆಯುವ" ಅಂದರು. ಈ ಬೇಸಿಗೆಗೆ ಆ ಕೆಲಸ. ಅದರ ಜೊತೆಗೆ ಪಂಪು ಎತ್ತಿ ಬಲೆ ಬದಲಿಸಬೇಕು, ಒಳಗಿನ ರಬ್ಬರು ಎಷ್ಟು ಸವೆದಿದೆ ಅಂತ ನೋಡಬೇಕು. ಸವೆದರೆ ಅದೊಂದು ಭಾಗ ಮಾತ್ರ ಬದಲಿಸಿದರೆ ಸಾಕು, ಕೊಳ್ಳುವಾಗಲೇ ಒಂದು ಹೆಚ್ಚಿಗೆ ತಂದಿಟ್ಟಿದ್ದೇವೆ.